ಎಡಗಡೆಯ ಹುಬ್ಬು

ನನ್ನ ಹಿರಿಯ ಮಗಳು ವಿನೋದಾ ತೀರಿಕೊಂಡ ಎರಡನೆಯ ವರ್ಷ ನಾವು ಅವಳ ಮದುವೆ ಮಾಡಿದೆವು. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಇದು ಹಿಂದಿನಿಂದ ಬಂದ ಕ್ರಮ. ಮದುವೆಯ ವಯಸ್ಸಿಗೆ ಬಂದು, ಮದುವೆಯಾಗದೆ ಸತ್ತ ಹೆಣ್ಣಿಗೆ ಅದೇ ರೀತಿ ಸತ್ತ ಒಬ್ಬ ಗಂಡನ್ನು ಹುಡುಕಿ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಎರಡು ಮನೆಯವರೂ ಕೂಡಿ ಧಾರೆ ಎರೆದು ಕೊಡುತ್ತಾರೆ. ಹಾಗೆ ಮಾಡದಿದ್ದರೆ ಆ ಜೀವಕ್ಕೆ ಸೇರಲು ಒಂದು ಮನೆ ಇರುವುದಿಲ್ಲ. ಅದು ಹುಟ್ಟಿದ ಮನೆಯ ಜಗಲಿಯಲ್ಲಿಯೇ ನಿಂತಿರುತ್ತದೆ, ತನ್ನ ಬೆನ್ನಿಗೆ ಹುಟ್ಟಿದವರಿಗೆ ದಾರಿ ಬಿಡುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ.

ನಮ್ಮ ಮನೆ ಸಿದ್ಧಕಟ್ಟೆಯಲ್ಲಿ. ಹೆಂಡತಿ ಅಮ್ಮಣ್ಣಿ, ಕಿರಿಯ ಮಗಳು ಕಾಂತಿ ಮತ್ತು ನಾನು, ಇಷ್ಟೇ ಜನ ಉಳಿದಿದ್ದೆವು. ವಿನೋದಾ ವಿಷಮಜ್ವರದಲ್ಲಿ ಹೋದಳು. ಆಗ ಅವಳಿಗೆ ಹತ್ತೊಂಬತ್ತು. ಆಮೇಲೆ ಕಾಂತಿಯನ್ನು ನೋಡಲು ಬಂದವರೆಲ್ಲ ಹುಡುಗಿ ಒಪ್ಪಿಗೆ ಎನ್ನುವರು, ಊಟ ಮಾಡುವರು, ಹೋದ ಮೇಲೆ ಸುದ್ದಿಯೇ ಇಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದಾಗ ಅಕ್ಕ ಇನ್ನೂ ಜಗಲಿ ಇಳಿದಿಲ್ಲ ಎಂದು ಬಂತು. ನಾನು ಬೆಳಿಗ್ಗೆ ದೇವರಿಗೆ ದೀಪ ಇಡದೆ ನೀರು ಮುಟ್ಟುವವನಲ್ಲ. ಆ ದೇವರ ಎದುರಿನಲ್ಲೇ ಕೇಳಿದೆ, ಮಗಳು ನನ್ನ ಮನೆಯಲ್ಲಿ ನಿಂತಿದ್ದರೆ ನಿಲ್ಲಲಿ, ಅದರಿಂದ ಯಾರಿಗೇನು ನಷ್ಟ ಎಂದು. ಆದರೆ ಕಾಂತಿಯ ಮುಖ ನೋಡಿದಾಗ ಹಾಗೆ ಹೇಳಿಕೊಂಡು ಕುಳಿತಿರಲು ಆಗಲಿಲ್ಲ.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಒಂದು ಸಂಬಂಧ ಸಿಕ್ಕಿತು. ಅಣ್ಣು ಎಂಬವರ ಹಿರಿಯ ಮಗ ದೇಜಪ್ಪ. ಬೊಂಬಾಯಿಯ ಹೋಟೆಲಿನಲ್ಲಿ ಇದ್ದವನು ರಜೆಯಲ್ಲಿ ಊರಿಗೆ ಬಂದು, ಫಲ್ಗುಣಿ ಹೊಳೆಯಲ್ಲಿ ಈಜಲು ಹೋಗಿ ಮುಳುಗಿದ್ದ. ಅಣ್ಣು ಒಳ್ಳೆಯ ಮನುಷ್ಯ. ನಮ್ಮ ಮನೆಗೆ ಬಂದು, ಬೆಲ್ಲ ನೀರು ಕುಡಿದು, ಬದುಕಿರುವ ಮಕ್ಕಳಿಗೆ ಮಾತಾಡಿದ ಹಾಗೆಯೇ ಎಲ್ಲ ಮಾತಾಡಿದರು. ಕೊನೆಗೆ ಸ್ವಲ್ಪ ತಡೆದು ಹೇಳಿದರು.

"ಶೀನಪ್ಪಣ್ಣ, ನನ್ನದೊಂದು ಆಸೆ ಉಂಟು. ನಮ್ಮ ಚಾವಡಿಯಲ್ಲಿ ಮಗನ ಫೊಟೋ ಹಾಕಿದ್ದೇವೆ. ಅವನ ತಾಯಿ ಸಂಕಮ್ಮ ದಿನಾ ಸಂಜೆ ಅದರ ಎದುರು ದೀಪ ಇಟ್ಟು, ಇವನು ಒಬ್ಬನೇ ಇದ್ದಾನೆ ಅಂತ ಅಳ್ತಾಳೆ. ಹುಡುಗ ಹುಡುಗಿ ಒಟ್ಟಿಗೆ ಇರುವ ಒಂದು ಫೊಟೋ ಆಗಬೇಕು. ಸೊಸೆ ಮನೆ ಹೊಕ್ಕಳು ಅಂತ ಅವಳ ಕಣ್ಣಿಗೆ ಕಾಣಬೇಕಲ್ಲ."

"ಒಬ್ಬರನ್ನೊಬ್ಬರು ನೋಡದವರ ಫೊಟೋ ಒಟ್ಟಿಗೆ ಹೇಗೆ ಬರ್ತದೆ?" ಎಂದೆ.

"ಬೊಂಬಾಯಿಯಲ್ಲಿ ಮಾಡ್ತಾರಂತೆ. ಹಾಗಾದರೆ ಮೂಡುಬಿದಿರೆಯಲ್ಲಿ ಆಗದಾ? ಅದೊಂದು ಆದರೆ ಸಾಕು. ಸೊಸೆ ಬಂದದ್ದು ನಂಬಿಕೆಯಾದರೆ ಸಂಕಮ್ಮನೂ ಎರಡು ತುತ್ತು ಉಂಡಾಳು."

ಮಗನ ಫೊಟೋ ಕಳಿಸಿ, ಕೇಳಿ ನೋಡುವ ಎಂದೆ.

ನಮ್ಮಲ್ಲಿ ವಿನೋದಾಳ ಫೊಟೋ ಇದ್ದುದು ಒಂದೇ. ವರ ಹುಡುಕಲು ಶುರು ಮಾಡಿದಾಗ ಮೂಡುಬಿದಿರೆಯ ಜೈನಪೇಟೆಯ ಹತ್ತಿರ ನಿತ್ಯಾನಂದನ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ದಿನ ಅವಳು ಕುರ್ಚಿಯ ಮೇಲೆ ಅಕ್ಕಿಮುಡಿ ಇಟ್ಟ ಹಾಗೆ ಬಿಗಿದುಕೊಂಡು ಕುಳಿತಿದ್ದಳು. ನಿತ್ಯಾನಂದ ಕ್ಯಾಮರಾದ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ತಂಗಿ, ನಾನು ಹಲ್ಲು ಕೀಳುವವನಲ್ಲ" ಎಂದ. ಅವಳು ಇನ್ನೂ ಬಿಗಿದಳು. ಕಿಟಕಿಯ ಬಳಿ ನಿಂತಿದ್ದ ಅಮ್ಮಣ್ಣಿ, "ಮನೆಯಲ್ಲಿ ಇಷ್ಟು ಸುಮ್ಮನೆ ಒಂದು ದಿನ ಕೂತದ್ದುಂಟಾ ಇವಳು?" ಎಂದಳು. ವಿನೋದಾ ತಾಯಿಯ ಕಡೆಗೆ ಮುಖ ತಿರುಗಿಸಿದಳು. ನಗು ತುಟಿಯ ಒಂದು ಕೊನೆಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅವನು ತೆಗೆದುಬಿಟ್ಟಿದ್ದ.

ಫೊಟೋ ಕೈಗೆ ಬಂದಾಗ ಮಗಳು ಒಂದು ಮಗ್ಗುಲಿಗೆ ಇದ್ದಳು. ಅವಳ ಮುಖದ ಎದುರಿಗೆ, ನೋಡುವವರ ಬಲಗಡೆಯಲ್ಲಿ, ಕಾಗದ ಬರಿದಾಗಿತ್ತು.

"ಅರ್ಧ ಜಾಗ ಖಾಲಿ ಬಿಟ್ಟಿದ್ದೀರಲ್ಲ ಮಾರಾಯ್ರೆ" ಎಂದೆ.

"ಮುಖ ಯಾವ ಕಡೆ ನೋಡ್ತದೋ ಆ ಕಡೆ ಜಾಗ ಬಿಡಬೇಕು ಶೀನಪ್ಪಣ್ಣ. ಬಿಡದಿದ್ದರೆ ಗೋಡೆಗೆ ಮೂಗು ತಾಗಿಸಿ ನಿಲ್ಲಿಸಿದ ಹಾಗೆ ಆಗ್ತದೆ. ಫೊಟೋದಲ್ಲಿ ಮೊದಲು ಕಲಿಯುವ ಪಾಠ ಅದು" ಎಂದ ನಿತ್ಯಾನಂದ. ಆಮೇಲೆ ಅಮ್ಮಣ್ಣಿಯ ಕಡೆ ನೋಡಿ, "ನಿಮ್ಮ ಅಳಿಯ ಬಂದು ಕೂತುಕೊಳ್ಳಲಿ ಅಲ್ಲಿ" ಎಂದು ನಕ್ಕ. ನಾವೂ ನಕ್ಕೆವು.

ಆ ಫೊಟೋದಲ್ಲಿ ಕಿಟಕಿಯ ಬೆಳಕು ಅವಳ ಎಡಗಡೆಯ ಹುಬ್ಬಿನ ಮೇಲೆ ಬಿದ್ದಿತ್ತು. ಚಿಕ್ಕವಳಿದ್ದಾಗ ಬಾವಿಕಟ್ಟೆಗೆ ಬಿದ್ದು ಅಲ್ಲಿ ಸೀಳಿತ್ತು. ಮತ್ತೆ ಕೂದಲು ಬಾರದೆ ಒಂದು ಬಿಳಿಯ ಗೆರೆ ಉಳಿದಿತ್ತು. ಅಮ್ಮಣ್ಣಿ ಪ್ರತಿದಿನ ಅವಳ ತಲೆ ಬಾಚುವಾಗ ಕಾಡಿಗೆಯ ಬೆರಳಿನಿಂದ ಆ ಗೆರೆಯನ್ನು ಮುಚ್ಚುತ್ತಿದ್ದಳು. ಆ ದಿನವೂ ಮುಚ್ಚಿದ್ದಳು. ಬಸ್ಸಿನ ಸೆಕೆಗೆ ಅದು ಅಳಿಸಿ ಹೋಗಿತ್ತು.

ಅಣ್ಣು ಬಂದು ಹೋದ ವಾರದಲ್ಲಿ ನಾನು ಎರಡು ಫೊಟೋಗಳನ್ನೂ ಚೀಲದಲ್ಲಿ ಇಟ್ಟುಕೊಂಡು ಮೂಡುಬಿದಿರೆಗೆ ಹೋದೆ. ವಿಷಯ ಕೇಳಿ ನಿತ್ಯಾನಂದ ಮೇಜಿನ ಮೇಲಿದ್ದುದನ್ನೆಲ್ಲ ಸರಿಸಿ ಜಾಗ ಮಾಡಿದ. ಆಮೇಲೆ ದೇಜಪ್ಪನ ಫೊಟೋವನ್ನು ಮೇಜಿನ ಮೇಲೆ ಇಟ್ಟ. ಬೊಂಬಾಯಿಯಲ್ಲಿ ತೆಗೆಸಿದ ದೊಡ್ಡ ಫೊಟೋ. ಕೋಟು, ಒಂದು ಬದಿಗೆ ಬೈತಲೆ ತೆಗೆದು ಬಾಚಿದ ಕೂದಲು. ಹುಡುಗ ನಮ್ಮ ಬಲಕ್ಕೆ ನೋಡುತ್ತಿದ್ದ. ಒಳ್ಳೆಯ ಮುಖ. ಬದುಕಿದ್ದರೆ ನಾನೇ ಹುಡುಕಿಕೊಂಡು ಹೋಗಿ ಕೇಳುವಂತಹ ಅಳಿಯ.

"ಹೆಂಡತಿ ಗಂಡನ ಎಡಕ್ಕೆ ಅಲ್ಲವಾ?" ಎಂದು ನಿತ್ಯಾನಂದ ಕೇಳಿದ.

"ಹೌದು."

"ಅಂದರೆ ನಾವು ನೋಡುವಾಗ ಹುಡುಗ ಈಚೆ ಎಡಕ್ಕೆ, ತಂಗಿ ಆಚೆ ಬಲಕ್ಕೆ."

ಅವನು ವಿನೋದಾಳ ಫೊಟೋವನ್ನು ದೇಜಪ್ಪನ ಫೊಟೋದ ಬಲಗಡೆಗೆ ಸರಿಸಿ ಇಟ್ಟ. ನಾವಿಬ್ಬರೂ ನೋಡಿದೆವು. ಹುಡುಗ ಅವಳ ಕಡೆ ನೋಡುತ್ತಿದ್ದ. ಅವಳು ಅವನಿಗೆ ಬೆನ್ನು ಹಾಕಿ ಎಲ್ಲಿಯೋ ನೋಡುತ್ತಿದ್ದಳು.

"ಇದಾಗುವುದಿಲ್ಲ" ಎಂದ ಅವನು. "ಜಗಳ ಮಾಡಿಕೊಂಡು ತವರಿಗೆ ಹೊರಟವಳ ಹಾಗೆ ಕಾಣ್ತದೆ." ಹೇಳಿ ನಾಲಗೆ ಕಚ್ಚಿಕೊಂಡ. "ತಪ್ಪು ತಿಳಿಯಬೇಡಿ ಶೀನಪ್ಪಣ್ಣ."

"ಇಲ್ಲ, ಹೇಳಿ."

ಅವಳ ಎದುರಿಗೆ ಖಾಲಿ ಇದ್ದ ಜಾಗದಲ್ಲಿಯೇ ಹುಡುಗನನ್ನು ಕೂರಿಸಬಾರದೇ ಎಂದು ನಾನು ಕೇಳಿದೆ. ಆ ಜಾಗ ಬಿಟ್ಟದ್ದೇ ಅದಕ್ಕೆ ಎಂದು ಅವನು ಅಂದು ಹೇಳಿದ್ದು ನನಗೆ ನೆನಪಿತ್ತು. ನಿತ್ಯಾನಂದ ತಲೆ ಅಲ್ಲಾಡಿಸಿದ. ಅಲ್ಲಿ ಕೂರಿಸಿದರೆ ಹೆಂಡತಿ ಗಂಡನ ಬಲಕ್ಕೆ ಬೀಳುತ್ತಾಳೆ. ಮೇಲಾಗಿ ಹುಡುಗ ಅವಳಿಗೆ ಬೆನ್ನು ಹಾಕುತ್ತಾನೆ, ಅವನ ಮುಖವನ್ನೇ ತಿರುಗಿಸಬೇಕಾಗುತ್ತದೆ. ಬಲಕ್ಕೆ ಕುಳಿತ ಹೆಂಡತಿಯನ್ನು ವೇಣೂರಿನವರು ಗೋಡೆಗೆ ಹಾಕುವುದಿಲ್ಲ. ನಾನಾದರೂ ಹಾಕುತ್ತಿರಲಿಲ್ಲ.

"ಬೆಳಕೂ ಕೂಡುವುದಿಲ್ಲ ನೋಡಿ" ಎಂದು ಅವನು ಬೆರಳಿಟ್ಟು ತೋರಿಸಿದ. "ಅವನಿಗೆ ಬೆಳಕು ಎಡದಿಂದ, ಇವಳಿಗೆ ಬಲದಿಂದ. ಒಂದೇ ಕೋಣೆಯಲ್ಲಿ ಕೂತವರಿಗೆ ಎರಡು ಸೂರ್ಯ ಇರ್ತದಾ? ನೋಡುವವರಿಗೆ ಏನು ತಪ್ಪು ಅಂತ ಗೊತ್ತಾಗದಿದ್ದರೂ ಮನಸ್ಸಿಗೆ ಗೊತ್ತಾಗ್ತದೆ."

ಹೀಗೆ ಹೇಳುತ್ತಾ ಹೇಳುತ್ತಾ ಎದ್ದು ಒಳಗೆ ಹೋಗಿ, ಪೆಟ್ಟಿಗೆಯಿಂದ ವಿನೋದಾಳ ನೆಗೆಟಿವ್ ಹುಡುಕಿ ತಂದ. ಮಾಡಿನಲ್ಲಿ ಬೆಳಕಿಗೆಂದು ಹಾಕಿದ ಗಾಜಿನ ಹಂಚಿನ ಕೆಳಗೆ ನಿಂತು ಅದನ್ನು ಬೆಳಕಿಗೆ ಹಿಡಿದ. ಮಗಳ ಮುಖ ಕಪ್ಪಾಗಿ, ಕೂದಲು ಬೆಳ್ಳಗಾಗಿ ಕಂಡಿತು. ಸತ್ತ ದಿನವೂ ಅವಳು ನನಗೆ ಅಷ್ಟು ದೂರವಾಗಿ ಕಂಡಿರಲಿಲ್ಲ. ನಿತ್ಯಾನಂದ ಅದನ್ನು ಮಗುಚಿ ಹಿಡಿದ.

"ಇಗೊಳ್ಳಿ. ಇದನ್ನು ಮಗುಚಿ ಹಾಕಿ ಪ್ರಿಂಟ್ ತೆಗೆಯುವ. ಆಗ ತಂಗಿ ಈ ಕಡೆ ನೋಡ್ತಾಳೆ. ಬೆಳಕೂ ಎಡದಿಂದ ಬರ್ತದೆ. ನೋಟಕ್ಕೆ ನೋಟ, ಬೆಳಕಿಗೆ ಬೆಳಕು." ಅವನ ಮುಖ ಅರಳಿತು. ಕೆಲಸ ಕೂಡಿಬಂದ ಸಂತೋಷ ಅದು. ಅದನ್ನು ನಾನು ತಪ್ಪೆಂದು ಹೇಳುವುದಿಲ್ಲ. ನನಗೂ ಎದೆಯ ಭಾರ ಇಳಿದ ಹಾಗಾಯಿತು. ದೇವರು ದಾರಿ ತೋರಿಸಿದ ಎಂದುಕೊಂಡೆ.

ಧಾರೆಗೆ ಇನ್ನು ಮೂರೇ ದಿನ ಇರುವಾಗ ಫೊಟೋ ಕೈಗೆ ಬಂತು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತ ಹಾಗೆ ಇತ್ತು. ತಲೆಗಳ ಅಳತೆ ಸರಿಯಾಗಿತ್ತು, ಅವಳು ಅವನಿಗಿಂತ ಸ್ವಲ್ಪ ಕೆಳಗೆ. ನಡುವೆ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಜಾಗ. ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇಬ್ಬರ ಕೊರಳಿಗೂ ನಿತ್ಯಾನಂದ ಕುಂಚದಿಂದ ದಪ್ಪ ಮಲ್ಲಿಗೆಯ ಮಾಲೆ ಬರೆದಿದ್ದ.

"ಮಗುಚಿದಾಗ ಸೆರಗು ಬಲ ಹೆಗಲಿಗೆ ಬಂತು" ಎಂದು ಸಣ್ಣ ದನಿಯಲ್ಲಿ ಹೇಳಿದ. "ಮಾಲೆಯಲ್ಲಿ ಮುಚ್ಚಿದ್ದೇನೆ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ನಾನು ತುಂಬ ಹೊತ್ತು ನೋಡಿದೆ. ಎಲ್ಲವೂ ಚೆನ್ನಾಗಿತ್ತು. ಆದರೂ ನಾನು ಇನ್ನೊಬ್ಬರ ಮನೆಯ ಹುಡುಗಿಯನ್ನು ನೋಡುತ್ತಿದ್ದೇನೆ ಎಂಬ ಹಾಗೆ ಒಂದು ಸಂಕೋಚ ಹುಟ್ಟಿತು. ಮದುವಣಗಿತ್ತಿಯಾದ ಮಗಳನ್ನು ನೋಡುವ ತಂದೆಗೆ ಹೀಗೆಯೇ ಅನಿಸುತ್ತದೆಯೋ ಏನೋ ಎಂದು ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಅಮ್ಮಣ್ಣಿ ಕೈ ತೊಳೆದು, ಸೆರಗಿನಿಂದ ಒರಸಿಕೊಂಡು ಫೊಟೋ ತೆಗೆದುಕೊಂಡಳು. ಮೊದಲು ಹುಡುಗನನ್ನು ನೋಡಿದಳು. ಆಮೇಲೆ ಇವಳನ್ನು.

"ಇದು ಯಾರು?" ಎಂದಳು.

"ಯಾರು ಅಂದರೆ? ನಮ್ಮ ವಿನೋದಾ."

"ಅಲ್ಲ."

ಕಾಂತಿ ಓಡಿ ಬಂದು ತಾಯಿಯ ಹೆಗಲ ಮೇಲಿಂದ ಇಣುಕಿದಳು. "ಅಕ್ಕನೇ ಅಮ್ಮ. ಸೀರೆ ನೋಡು, ಅದೇ ಸೀರೆ."

ಅಮ್ಮಣ್ಣಿ ತನ್ನ ಎಡಗಡೆಯ ಹುಬ್ಬನ್ನು ಮುಟ್ಟಿಕೊಂಡಳು. ಫೊಟೋದಲ್ಲಿ ಆ ಹುಬ್ಬು ಪೂರ್ತಿ ಇತ್ತು. ಬಿಳಿಯ ಗೆರೆ ಬಲಗಡೆಯ ಹುಬ್ಬಿಗೆ ಹೋಗಿತ್ತು. ನಗುವೂ ತುಟಿಯ ಬೇರೆ ಕೊನೆಗೆ ಹೋಗಿತ್ತು. ಅಲ್ಲಿಯವರೆಗೆ ನನಗೆ ಹೇಳಲು ಬಾರದೆ ಇದ್ದುದು ಏನೆಂದು ಆಗ ತಿಳಿಯಿತು. ನಾನು ನೆಗೆಟಿವ್ ಮಗುಚಿದ ಕಥೆಯನ್ನು ವಿವರಿಸಿದೆ. ನೋಟ, ಬೆಳಕು, ಗಂಡನ ಎಡಬದಿ, ಎಲ್ಲ ಹೇಳಿದೆ. ಅವಳು ಕೊನೆಯವರೆಗೆ ಕೇಳಿದಳು.

"ಹದಿನೇಳು ವರ್ಷ ಅದಕ್ಕೆ ಕಾಡಿಗೆ ಹಚ್ಚಿದ್ದು ಈ ಕೈ" ಎಂದಳು. "ನೀವು ಬೇರೆ ಹುಡುಗಿಯನ್ನು ಧಾರೆ ಎರೆದು ಕಳಿಸ್ತೀರಿ. ನನ್ನವಳು ಜಗಲಿಯಲ್ಲೇ ನಿಂತಿರ್ತಾಳೆ."

ಮರುದಿನ ಮತ್ತೆ ಮೂಡುಬಿದಿರೆಗೆ ಹೋದೆ. ನಿತ್ಯಾನಂದ ಇನ್ನೊಂದು ಪ್ರಿಂಟ್ ತೆಗೆದು, ಸಣ್ಣ ಕುಂಚ ಹಿಡಿದು ಕುಳಿತ. ಬಲ ಹುಬ್ಬಿನ ಗೆರೆಯನ್ನು ಮುಚ್ಚಿದ. ಎಡ ಹುಬ್ಬಿನಲ್ಲಿ ಹೊಸ ಗೆರೆ ಬರೆದ. ಅದು ಗಾಯದ ಗುರುತಿನ ಹಾಗೆ ಕಾಣಲಿಲ್ಲ, ಅನ್ನದ ಅಗುಳು ಅಂಟಿದ ಹಾಗೆ ಕಂಡಿತು. ಒರಸಿ ಮತ್ತೆ ಬರೆದ. ಹೊರಗೆ ಮೋಡ ಕವಿದು ಗಾಜಿನ ಹಂಚಿನ ಕೆಳಗೂ ಕತ್ತಲಾಯಿತು. ಕೊನೆಗೆ ಕುಂಚವನ್ನು ಲೋಟದಲ್ಲಿ ಹಾಕಿದ.

"ನಗುವನ್ನು ಹೇಗೆ ಆಚೆ ದಾಟಿಸುವುದು ಶೀನಪ್ಪಣ್ಣ? ಬೆಳಕು ಸರಿ ಉಂಟು, ನೋಟ ಸರಿ ಉಂಟು, ಅಳತೆ ಸರಿ ಉಂಟು. ನಾನು ಮಂಗಳೂರಿನಲ್ಲಿ ಕಲಿತದ್ದೆಲ್ಲ ಇದರಲ್ಲಿ ಸರಿ ಉಂಟು."

"ಅವಳ ತಾಯಿಗೆ ಗುರುತು ಸಿಗುವುದಿಲ್ಲ" ಎಂದೆ.

"ಮಗುಚದೆ ಮಾಡಿಕೊಡಲಾ? ಮುಖ ಸರಿ ಬರ್ತದೆ. ಗಂಡನಿಗೆ ಬೆನ್ನು ಹಾಕ್ತಾಳೆ. ನೀವು ಹೇಳಿದ ಹಾಗೆ ಮಾಡ್ತೇನೆ."

ಯಾವುದು ಬೇಕೆಂದು ನಾನು ಹೇಳಬೇಕಿತ್ತು. ಏನು ಹೇಳಲಿ? ಗಂಡನಿಗೆ ಬೆನ್ನು ಹಾಕಿದ ಹೆಣ್ಣನ್ನು ನೋಡಿದರೆ ಸಂಕಮ್ಮನ ಕಣ್ಣೀರು ಹೆಚ್ಚುತ್ತದೆ. ಮಗುಚಿದ ಸಂಗತಿಯನ್ನು ಅಣ್ಣುವಿಗೆ ತಿಳಿಸುವುದೂ ಆಗದು. ಚಿತೆಗೆ ಸುತ್ತು ಬರುವಾಗ ನಾವು ಎಂದಿನ ಕ್ರಮವನ್ನು ತಿರುಗಿಸಿ ಎಡಕ್ಕೆ ಸುತ್ತುತ್ತೇವೆ. ತಿರುವುಮುರುವು ಎಂದರೆ ನಮ್ಮ ಕಡೆ ಸುಡುಗಾಡಿನದು. ಮದುವೆಯ ಫೊಟೋದಲ್ಲಿ ಅದು ಬಂದಿದೆ ಎಂದು ಗೊತ್ತಾದರೆ ಈ ಸಂಬಂಧ ಅಲ್ಲಿಗೇ ನಿಲ್ಲುತ್ತದೆ, ಕಾಂತಿಯದೂ ಅದರ ಜೊತೆಗೆ. ಬದುಕಿರುವ ಮಗಳಿಗಾಗಿ ಸತ್ತ ಮಗಳನ್ನು, ಸತ್ತ ಮಗಳಿಗಾಗಿ ಅವಳ ತಾಯಿಯನ್ನು, ಹೀಗೆ ಯಾರನ್ನು ಮುಂದೆ ಇಟ್ಟರೂ ಇನ್ನೊಬ್ಬರು ಹಿಂದೆ ಬೀಳುತ್ತಿದ್ದರು. ದೇವರೇ, ನೀನೇ ಹೇಳು ಎಂದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ನಿತ್ಯಾನಂದ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ.

"ಮೊದಲು ಮಾಡಿದ್ದೇ ಇರಲಿ" ಎಂದೆ.

ಧಾರೆಯ ದಿನ ವೇಣೂರಿನವರು ಬೇಗನೆ ಬಂದರು. ಚಾವಡಿಯಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಹೊಸ ಪಂಚೆ ಅಂಗಿ, ಇನ್ನೊಂದರ ಮೇಲೆ ಸೀರೆ, ಬಳೆ, ಕುಂಕುಮ, ಕರಿಮಣಿ ಇಟ್ಟೆವು. ಅಡಿಕೆ ಹೂವಿನ ಹಿಂಗಾರ ಇಟ್ಟೆವು. ಫೊಟೋವನ್ನು ಗೋಡೆಗೆ ಒರಗಿಸಿದೆವು. ಸಂಕಮ್ಮ ಎಂದರೆ ಹೇಗಿರುವರೋ ಎಂದು ನಾನು ಹೆದರಿದ್ದೆ. ಸಣ್ಣ ಆಳು, ಬಾಡಿದ ಮುಖ. ನೇರ ಹೋಗಿ ಫೊಟೋದ ಎದುರು ಕುಳಿತರು.

"ಎಷ್ಟು ಲಕ್ಷಣದ ಹುಡುಗಿ" ಎಂದು ಅದರ ಕೆನ್ನೆ ಸವರಿದರು. "ಅವನನ್ನೇ ನೋಡ್ತಾಳೆ ನೋಡಿ. ಹುಬ್ಬಿನ ಹತ್ತಿರ ಇದೇನು, ಬಿದ್ದದ್ದಾ?"

ಅವರು ತಲೆ ಎತ್ತಿ ಅಮ್ಮಣ್ಣಿಯನ್ನು ನೋಡಿದರು. "ಬಲ ಹುಬ್ಬಿಗೆ ಅಲ್ಲವಾ ಅಕ್ಕ, ಪೆಟ್ಟಾದದ್ದು?"

ನಾನು ಕೈಯಲ್ಲಿದ್ದ ತಂಬಿಗೆಯನ್ನು ಗಟ್ಟಿಯಾಗಿ ಹಿಡಿದೆ. ಕಾಂತಿ ಬಾಗಿಲ ಬಳಿ ನಿಂತಿದ್ದಳು. ಅಮ್ಮಣ್ಣಿ ಕಾಂತಿಯನ್ನು ನೋಡಿದಳು.

"ಹೌದು" ಎಂದಳು. "ಬಾವಿಕಟ್ಟೆಗೆ ಬಿದ್ದದ್ದು. ಚಿಕ್ಕವಳಿರುವಾಗ."

ನಾನು ಧಾರೆ ಎರೆದೆ. ನೀರು ಬಿಡುವಾಗ ಮಗಳ ಹೆಸರನ್ನು ಗಟ್ಟಿಯಾಗಿ ಹೇಳಿದೆ, ಜಗಲಿಯಲ್ಲಿ ನಿಂತವಳಿಗೆ ಕೇಳಲಿ ಎಂದು. ಎಲೆ ಹಾಕಿ ಮದುಮಕ್ಕಳಿಬ್ಬರಿಗೂ ಬಡಿಸಿದೆವು. ಹೊರಡುವಾಗ ಸಂಕಮ್ಮ ಫೊಟೋವನ್ನು ಯಾರಿಗೂ ಕೊಡದೆ ತಾನೇ ಎದೆಗೆ ಒತ್ತಿ ಹಿಡಿದುಕೊಂಡರು. ಸೊಸೆಗೆ ಕಣ್ಣು ಬೀಳಬಾರದೆಂದು ಅದರ ಮೇಲೆ ತಮ್ಮ ಸೆರಗು ಹೊದೆಸಿದರು. ಅಮ್ಮಣ್ಣಿ ಗೇಟಿನವರೆಗೂ ಹೋಗಲಿಲ್ಲ. ಜಗಲಿಯ ಕಂಬ ಹಿಡಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟ ಹಾಗೆ ನಿಂತಿದ್ದಳು.

ಆ ವರ್ಷವೇ ಕಾಂತಿಗೆ ವಿಟ್ಲದ ಕಡೆಯ ಒಂದು ಸಂಬಂಧ ಕೂಡಿಬಂತು. ಫಲ ಸಿಕ್ಕಿತಲ್ಲ ಎಂದು ಊರಿನವರು ಹೇಳಿದರು. ನಾನೂ ಹಾಗೆಯೇ ನಂಬಿ ದೇವರಿಗೆ ಕೈ ಮುಗಿದೆ. ಅಮ್ಮಣ್ಣಿ ಮಾತ್ರ ಧಾರೆಯ ದಿನದಿಂದ ಸಂಜೆ ಜಗಲಿಯಲ್ಲಿ ವಿನೋದಾಳಿಗೆಂದು ಒಂದು ಚಾಪೆ ಹಾಸಿಡತೊಡಗಿದ್ದಳು, ಅದನ್ನು ಬಿಡಲಿಲ್ಲ. ನಾನು ಅದನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದೆ. ಕೇಳುತ್ತಿರಲಿಲ್ಲ.

ಮನೆಯಲ್ಲಿ ಮದುವೆಯಾದರೆ ಮೊದಲ ಕರೆಯೋಲೆ ಮದುವೆ ಮಾಡಿಕೊಟ್ಟ ಮಗಳ ಮನೆಗೆ ಹೋಗಬೇಕು. ಆದ್ದರಿಂದ ನಾವಿಬ್ಬರೂ ವೇಣೂರಿಗೆ ಹೋದೆವು. ಅಮ್ಮಣ್ಣಿ ಬರಲಾರಳು ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ತಲೆಗೆ ಹೂವು ಮುಡಿದು ತಾನೇ ಹೊರಟು ನಿಂತಳು. ಸಂಕಮ್ಮ ಮೈ ತುಂಬಿಕೊಂಡಿದ್ದರು, ಮುಖದಲ್ಲಿ ಗೆಲುವಿತ್ತು. ಅಮ್ಮಣ್ಣಿಯ ಕೈ ಹಿಡಿದು ಚಾವಡಿಗೆ ಕರೆದುಕೊಂಡು ಹೋದರು.

"ಬನ್ನಿ ಅಕ್ಕ, ಮಗಳನ್ನು ಮಾತಾಡಿಸಿ. ನಿನ್ನ ತಂಗಿಯ ಮದುವೆಯಂತೆ ಅಂತ ನಾನು ಆಗಲೇ ಹೇಳಿದ್ದೇನೆ."

ಫೊಟೋ ಗೋಡೆಯ ಮೇಲಿತ್ತು. ಕನಕಾಂಬರದ ಮಾಲೆ, ಕೆಳಗೆ ದೀಪ. ಅಮ್ಮಣ್ಣಿ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಅವಳ ಕಷ್ಟ ನೋಡಲಾರದೆ ನಾನು ಅಣ್ಣುವಿನ ಜೊತೆ ಆಮಂತ್ರಣದ ಮಾತು ತೆಗೆದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅವಳು ಫೊಟೋಕ್ಕೆ ಬೆನ್ನು ಹಾಕಿ ನಿಂತಿದ್ದಳು. ಎದುರು ಗೋಡೆಯಲ್ಲಿ ಮರದ ಚೌಕಟ್ಟಿನ ದೊಡ್ಡ ಕನ್ನಡಿ ಇತ್ತು. ದೇಜಪ್ಪ ತಾಯಿಗೆಂದು ಬೊಂಬಾಯಿಯಿಂದ ತಂದದ್ದಂತೆ. ಅಮ್ಮಣ್ಣಿ ಆ ಕನ್ನಡಿಯನ್ನು ನೋಡುತ್ತಿದ್ದಳು.

ನಾನು ಎದ್ದು ಅವಳ ಹಿಂದೆ ಹೋಗಿ ನಿಂತೆ. ಕನ್ನಡಿಯಲ್ಲಿ ನನ್ನ ಮಗಳಿದ್ದಳು. ಎಡಗಡೆಯ ಹುಬ್ಬಿನಲ್ಲಿ ಗೆರೆ, ತುಟಿಯ ಅದೇ ಕೊನೆಯಲ್ಲಿ ನಗು. ಕಿಟಕಿಯ ಬಳಿ ನಿಂತ ತಾಯಿಯ ಕಡೆ ತಿರುಗಿದ ಅದೇ ಮುಖ. ಗಂಡನ ಬಲಕ್ಕೆ ಕುಳಿತಿದ್ದಳು. ಅಮ್ಮಣ್ಣಿಯ ತುಟಿ ಅಲ್ಲಾಡುತ್ತಿತ್ತು. ಕಾಂತಿಯ ಮದುವೆಯ ದಿನವನ್ನು ಅವಳಿಗೆ ಹೇಳುತ್ತಿದ್ದಳೆಂದು ತೋರುತ್ತದೆ.

"ಅಲ್ಲಿ ಏನು ನೋಡ್ತೀರಿ ಅಕ್ಕ?" ಎಂದು ಸಂಕಮ್ಮ ಹತ್ತಿರ ಬಂದು ತಾವೂ ಇಣುಕಿದರು. ನೋಡಿ ಮುಖ ಸಣ್ಣದು ಮಾಡಿದರು. "ಇದರಲ್ಲಿ ನನ್ನ ಮಗ ಬೇರೆ ಯಾರೋ ಆಗಿ ಕಾಣ್ತಾನೆ. ಅವನ ಬೈತಲೆ ಈ ಕಡೆ ಅಲ್ಲ. ನನಗೆ ಇದು ನೋಡಲಿಕ್ಕೆ ಆಗುವುದಿಲ್ಲ. ಈಚೆ ತಿರುಗಿ."

ಅವರು ಗೋಡೆಯ ಕಡೆಗೆ ತಿರುಗಿಕೊಂಡರು. ಅಮ್ಮಣ್ಣಿ ತಿರುಗಲಿಲ್ಲ. ಇಬ್ಬರು ತಾಯಂದಿರೂ ಬೆನ್ನಿಗೆ ಬೆನ್ನು ಕೊಟ್ಟು ಹಾಗೆಯೇ ಸ್ವಲ್ಪ ಹೊತ್ತು ನಿಂತಿದ್ದರು. ಅಣ್ಣು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಳಗೆ ಯಾರೋ ಎಲೆ ಹಾಕಿ ಊಟಕ್ಕೆ ಕರೆದರು.

ಆ ಸಂಜೆ ಮನೆಗೆ ಬಂದಾಗ ಅಮ್ಮಣ್ಣಿ ಜಗಲಿಯಲ್ಲಿ ಚಾಪೆ ಹಾಸಲಿಲ್ಲ. ಮರುದಿನ ಹಾಸಿದಳು.